ಒಂದೇ ರೈಡ್ ಎಷ್ಟು ಊರಲ್ಲಿ ಹಾಕಬಹುದು?

ಕೋಸ್ಟರ್‌ಪ್ರಿಯ:
ವಂಡರ್‌ಲಾದ ರಿಕಾಯ್ಲ್ ಅನ್ನೋ ರೋಲರ್ ಕೋಸ್ಟರ್ ಬೆಂಗಳೂರಲ್ಲೂ ಇದೆ, ಹೈದರಾಬಾದಲ್ಲೂ ಇದೆ. ಡಿಸ್ನಿಯ ಸ್ಪೇಸ್ ಮೌಂಟನ್ 1975ರಲ್ಲಿ ಫ್ಲೋರಿಡಾದಲ್ಲಿ ಶುರುವಾಗಿ 1977ಕ್ಕೆ ಕ್ಯಾಲಿಫೋರ್ನಿಯಾ, 1983ಕ್ಕೆ ಟೋಕಿಯೊ, 1995ಕ್ಕೆ ಪ್ಯಾರಿಸ್, 2005ಕ್ಕೆ ಹಾಂಗ್‌ಕಾಂಗ್ ಮುಟ್ಟಿತು. ಹೊಸ ಪಾರ್ಕ್ ಕಟ್ಟುವಾಗ ಇರೋ ರೈಡನ್ನೇ ಮತ್ತೆ ಹಾಕೋದು ಸರಿನಾ? ದುಡ್ಡು ನಿಜವಾಗಿ ಎಲ್ಲಿ ಉಳಿಯುತ್ತೆ? ಕೆಲಸದ ಒಳಗು ಬಲ್ಲವರು ಹೇಳಿ.

ಹಳಿ_ಚಕ್ರ:
ಕೋಸ್ಟರ್ ಆದರೆ ಧಾರಾಳವಾಗಿ ಹಾಕಬಹುದು. ಹಳಿಯ ನಕ್ಷೆ, ರೈಲು, ಬ್ರೇಕು, ಕಂಟ್ರೋಲ್ ಪ್ರೋಗ್ರಾಂ ಎಲ್ಲ ಒಂದು ಸಲ ಓಡಿ ತೋರಿಸಿರುತ್ತವೆ. ಚಕ್ರ, ಬೇರಿಂಗ್, ಸೆನ್ಸರ್ ಒಂದೇ ಅಳತೆ. ಒಂದು ಊರಿನ ಸ್ಟೋರಿನಿಂದ ಇನ್ನೊಂದಕ್ಕೆ ಕಳಿಸಬಹುದು, ಮೆಕ್ಯಾನಿಕ್‌ಗಳಿಗೂ ಒಂದೇ ತರಬೇತಿ ಸಾಕು. ಅಮೆರಿಕದ ಪಾರ್ಕ್ ಕಂಪನಿ ಸಿಕ್ಸ್ ಫ್ಲ್ಯಾಗ್ಸ್‌ನವರು 1992ರಲ್ಲಿ ಶುರುವಾದ ಬ್ಯಾಟ್‌ಮ್ಯಾನ್ ಕೋಸ್ಟರನ್ನು ಹೀಗೇ ಊರೂರಿಗೆ ಹಾಕಿದರು. ಸೇಂಟ್ ಲೂಯಿಸ್‌ನಲ್ಲಿ ಅದೇ ಹಳಿಯನ್ನು ಕನ್ನಡಿಯಲ್ಲಿ ಕಂಡಂತೆ ಎಡ-ಬಲ ತಿರುಗಿಸಿ ಕೂರಿಸಿದ್ದಾರೆ.

ನೆಲದ ಕೆಲಸದಲ್ಲಿ ಮಾತ್ರ ಪೈಸೆನೂ ಉಳಿಯಲ್ಲ. ಪ್ರತಿ ಜಾಗದಲ್ಲೂ ಮಣ್ಣು ಪರೀಕ್ಷೆ ಮಾಡಿಸಿ ಪಾಯದ ಲೆಕ್ಕ ಹೊಸದಾಗಿ ಹಾಕಲೇಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತೆ. ಗಟ್ಟಿ ಮೊರಂ ನೆಲಕ್ಕೆ ಮಾಡಿದ ಪಾಯ ಅಲ್ಲಿ ನಿಲ್ಲಲ್ಲ. ಗಾಳಿ, ಭೂಕಂಪದ ಲೆಕ್ಕಾನೂ ಬೇರೆ. ಕಂಬವನ್ನು ಪಾಯಕ್ಕೆ ಹಿಡಿದಿಡೋ ಆ್ಯಂಕರ್ ಬೋಲ್ಟು ಜಾಗ ತಪ್ಪಿದ್ದರೆ ಕಂಬವನ್ನು ಎಳೆದು ಬಿಗಿಯೋ ಆಸೆಗೆ ಬೀಳಬಾರದು. ಆ ಎಳೆತ ಹಳಿಯಲ್ಲೇ ಉಳಿದು, ರೈಲು ಓಡಿದಂತೆಲ್ಲ ಬೆಸುಗೆ ಬಿರುಕು ಬಿಡುತ್ತೆ.

ಇನ್ನು ಕರೆಂಟು. ಅಮೆರಿಕದ್ದು 60 ಹರ್ಟ್ಸ್, ನಮ್ಮದು 50. ಅಲ್ಲಿನ ಮೋಟಾರನ್ನು ಇಲ್ಲಿ ನೇರವಾಗಿ ಲೈನಿಗೆ ಕೊಟ್ಟರೆ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತೆ, ಲಿಫ್ಟ್ ಚೈನು ನಿಧಾನ ಆಗುತ್ತೆ, ರೈಲು ಬಿಡೋ ಅಂತರ ಕೆಡುತ್ತೆ. ಮೋಟಾರಿನ ವೇಗ ಹೊಂದಿಸೋ ಡ್ರೈವ್ ಹಾಕಬೇಕು, ಇಲ್ಲಾಂದ್ರೆ ಗೇರ್ ಬದಲಿಸಬೇಕು.

ಕತ್ತಲ_ದೋಣಿ:
ಹಳಿ_ಚಕ್ರ ಅವರು ಹೇಳಿದ್ದು ಕೋಸ್ಟರಿಗೆ ಸರಿ. ಕಥೆ ಹೇಳೋ ರೈಡಿಗೆ ಈ ಲೆಕ್ಕ ಹೊಂದಲ್ಲ.

ಕ್ಯಾಲಿಫೋರ್ನಿಯಾದ ಅನಹೈಮ್‌ನ ಡಿಸ್ನಿಲ್ಯಾಂಡ್ ಸುತ್ತ ಮಣ್ಣಿನ ದಿಬ್ಬ, ಅದರ ಮೇಲೆ ರೈಲು ಹಳಿ. 1969ರ ಹಾಂಟೆಡ್ ಮ್ಯಾನ್ಶನ್ ಅನ್ನೋ ದೆವ್ವದ ಮನೆ ರೈಡಿನ ದೊಡ್ಡ ಕಟ್ಟಡ ಆ ದಿಬ್ಬದ ಆಚೆಗಿದೆ. ಜನರನ್ನು ಹಳಿಯ ಕೆಳಗೆ ದಾಟಿಸೋಕೆ ಬೇಕಾದ ಲಿಫ್ಟನ್ನೇ ಗೋಡೆ ಉದ್ದವಾಗುತ್ತಾ ಹೋಗೋ ಕೋಣೆ ಮಾಡಿದರು: ಚಾವಣಿ ನಿಂತಲ್ಲೇ ಇರುತ್ತೆ, ನೆಲ ಕೆಳಗಿಳಿಯುತ್ತೆ. 1971ರಲ್ಲಿ ಫ್ಲೋರಿಡಾದಲ್ಲಿ ಕಟ್ಟುವಾಗ ಯಾರನ್ನೂ ಕೆಳಗಿಳಿಸೋ ಅಗತ್ಯ ಇರಲಿಲ್ಲ. ಅಲ್ಲಿ ನೆಲ ಅಲ್ಲಾಡಲ್ಲ, ಚಾವಣಿ ಮೇಲೇರುತ್ತೆ. ಒಳಗೆ ನಿಂತವರಿಗೆ ಎರಡೂ ಒಂದೇ ಥರ ಕಾಣುತ್ತೆ. ನಕಲು ಅಂದ್ರೆ ಹೀಗಿರಬೇಕು!

ಕಡಲ್ಗಳ್ಳರ ಕಥೆಯ ದೋಣಿ ರೈಡ್ ಪೈರೇಟ್ಸ್ ವಿಷಯದಲ್ಲಿ ಹೀಗಾಗಲಿಲ್ಲ. ಕೆರಿಬಿಯನ್ ಪಕ್ಕದಲ್ಲೇ ಇದೆ, ಇಲ್ಲಿಯವರಿಗೆ ಕಡಲ್ಗಳ್ಳರಲ್ಲಿ ಏನು ಹೊಸದು ಅಂತ ಫ್ಲೋರಿಡಾದಲ್ಲಿ ಅದನ್ನು ಬಿಟ್ಟಿದ್ದರು. ಬಂದವರೆಲ್ಲ ಪೈರೇಟ್ಸ್ ಎಲ್ಲಿ ಅಂತ ಕೇಳತೊಡಗಿದ ಮೇಲೆ ಅವಸರದಲ್ಲಿ ಕಟ್ಟಿ 1973ರ ಡಿಸೆಂಬರಲ್ಲಿ ತೆರೆದರು. ಅನಹೈಮ್‌ನಲ್ಲಿ ದೋಣಿ ಎರಡು ಸಲ ಧುಮುಕುತ್ತೆ, ಫ್ಲೋರಿಡಾದಲ್ಲಿ ಒಂದೇ ಸಲ; ಒಟ್ಟು ಹೊತ್ತೂ ಹೆಚ್ಚುಕಮ್ಮಿ ಅರ್ಧ. ಹೆಸರು ನಂಬಿ ಬಂದವರಿಗೆ ಇದು ಮೋಸ ಅನ್ನೋದೇ ನನ್ನ ಮಾತು.

ಕೋಸ್ಟರ್‌ಪ್ರಿಯ:
ಕಡಿಮೆ ಖರ್ಚಿನ ನಕಲು ಯಾವಾಗಲೂ ಕಳಪೆನೇನಾ?

ಕತ್ತಲ_ದೋಣಿ:
ಹಾಗೇನಿಲ್ಲ. ಲಿಫ್ಟ್ ಬೀಳೋ ರೈಡ್ ಟವರ್ ಆಫ್ ಟೆರರ್ ನೋಡಿ. ಫ್ಲೋರಿಡಾದಲ್ಲಿ (1994) ಲಿಫ್ಟ್ ಬಂಡಿ ಮೇಲೇರಿ, ಶಾಫ್ಟ್ (ಲಿಫ್ಟ್ ಓಡಾಡೋ ಗೂಡು) ಬಿಟ್ಟು ಹೊರಬಂದು, ನೆಲದ ಮೇಲೆ ತಾನೇ ಮುಂದೆ ಹೋಗಿ ಬೀಳೋ ಶಾಫ್ಟಿಗೆ ಸೇರಿಕೊಳ್ಳುತ್ತೆ. ಕ್ಯಾಲಿಫೋರ್ನಿಯಾದಲ್ಲಿ (2004ರಿಂದ 2017ರವರೆಗೆ ಇದ್ದದ್ದು) ಈ ಮುಂದೆ ಹೋಗೋ ಭಾಗ ತೆಗೆದರು. ಮೂರು ಶಾಫ್ಟು, ಒಂದಕ್ಕೊಂದು ಸಂಬಂಧ ಇಲ್ಲ; ಒಂದು ಕೆಟ್ಟರೂ ಎರಡು ಓಡುತ್ತಿದ್ದವು. ಆ ಕತ್ತಲ ದಾರಿ ಹೋಯಿತಲ್ಲ ಅಂತ ನನಗೆ ಈಗಲೂ ಬೇಜಾರಿದೆ. ಆದರೆ ಸರದಿಯಲ್ಲಿ ನಿಂತವರ ಕಡೆಯಿಂದ ನೋಡಿದರೆ ಅದು ಜಾಣ ಬದಲಾವಣೆ.

ಹಳಿ_ಚಕ್ರ:
ಸರದಿ ಅಂದಿರಲ್ಲ, ಪಾರ್ಕಿನವರು ಮರೆಯೋದು ಅದನ್ನೇ. ರೈಡಿನ ಜೊತೆ ಅದರ ಸಾಮರ್ಥ್ಯವೂ ನಕಲಾಗುತ್ತೆ. ಕೋಸ್ಟರ್ ತಯಾರಿಸೋ ವೆಕೋಮಾ ಕಂಪನಿಯ ಬೂಮರ್ಯಾಂಗ್ ಜಗತ್ತಿನಲ್ಲೇ ಅತಿ ಹೆಚ್ಚು ನಕಲಾದ ಕೋಸ್ಟರುಗಳಲ್ಲೊಂದು. ರೈಲನ್ನು ಹಿಂದಕ್ಕೆ ಎಳೆದು ಬಿಡುತ್ತಾರೆ, ಮುಂದೆ ಮೂರು ಸಲ ತಲೆಕೆಳಗು, ಅದೇ ಹಳಿಯಲ್ಲಿ ಹಿಂದಕ್ಕೆ ಮತ್ತೆ ಮೂರು. ಹಳಿ ಸುತ್ತು ಹಾಕಲ್ಲ, ಹಾಗಾಗಿ ಎರಡನೇ ರೈಲು ಸೇರಿಸೋಕೆ ಆಗಲ್ಲ. 28 ಸೀಟು, ಹತ್ತಿ ಇಳಿಯೋದೂ ಸೇರಿ ಒಂದು ಸುತ್ತಿಗೆ 3 ನಿಮಿಷ ಹಿಡಿದರೆ ಗಂಟೆಗೆ 560 ಜನ. ಬೆಲ್ಟ್ ನೋಡೋಕೆ ಒಂದು ನಿಮಿಷ ಹೆಚ್ಚಾದರೆ 420. ಸಣ್ಣ ಪಾರ್ಕಿಗೆ ಸಾಕು. ರಜೆ ದಿನ ಸಾವಿರಗಟ್ಟಲೆ ಜನ ಅದಕ್ಕೇ ನುಗ್ಗೋ ಕಡೆ ಇದನ್ನು ಹಾಕಲೇಬೇಡಿ. ಎರಡು ಮೂರು ರೈಲು ಓಡಿಸಬಹುದಾದ ಸುತ್ತುಹಳಿ ತಗೊಳ್ಳಿ.