ಅಪ್ಪಯ್ಯನ ಪ್ರಾಸ್ಟೇಟ್ ತೊಂದರೆಗೆ ನೆಗ್ಗಿಲಮುಳ್ಳಿನ ಕಷಾಯ ಸಾಕೇ?

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ): ನಮಸ್ಕಾರ ಡಾಕ್ಟ್ರೇ. ನಮ್ಮ ಅಪ್ಪಯ್ಯನಿಗೆ 68. ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ಎಷ್ಟು ಹೊತ್ತು ನಿಂತರೂ ಮೂತ್ರ ಹನಿ ಹನಿಯಾಗಿಯೇ ಬರುತ್ತದಂತೆ. ಆಪರೇಷನ್ ಅಂದುಬಿಡುತ್ತಾರೆ ಅಂತ ಹೆದರಿ ಆಸ್ಪತ್ರೆಗೆ ಬರಲು ಒಪ್ಪುತ್ತಿಲ್ಲ. ಎರಡು ತಿಂಗಳಿಂದ ರಾತ್ರಿ ಊಟವಾದ ಮೇಲೆ ಒಂದು ದೊಡ್ಡ ಲೋಟ ನೆಗ್ಗಿಲಮುಳ್ಳಿನ ಕಷಾಯ ಕುಡಿಯುತ್ತಿದ್ದಾರೆ. ತಮ್ಮ ಬೆಂಗಳೂರಿನಿಂದ ಸಾ ಪಾಲ್ಮೆಟ್ಟೊ ಮಾತ್ರೆ ಕಳಿಸಿದ್ದಾನೆ. ಕೊಡಬಹುದಾ?

ಉತ್ತರ (ಮೂತ್ರರೋಗ ತಜ್ಞ, ಕುಮಟಾ): ಮೊದಲು ಕಷಾಯದ ಹೊತ್ತು ಬದಲಿಸಿ. ನೆಗ್ಗಿಲು ಅಂದರೆ ಗೋಕ್ಷುರ. ಚರಕಸಂಹಿತೆಯೇ ಅದನ್ನು ಮೂತ್ರ ಹೆಚ್ಚಿಸುವ ಗುಂಪಿನಲ್ಲಿ ಇಟ್ಟಿದೆ. ಮಲಗುವ ಮುಂಚೆ ಲೋಟಗಟ್ಟಲೆ ಕುಡಿದರೆ ನಿದ್ದೆ ಕೆಡದೆ ಇರುತ್ತದೆಯೇ? ಕುಡಿಯಲೇಬೇಕೆಂದರೆ ಸಂಜೆ ನಾಲ್ಕರೊಳಗೆ ಮುಗಿಸಲಿ. ಪ್ರಾಸ್ಟೇಟ್‌ಗೆ (ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿ, ವಯಸ್ಸಾದಂತೆ ದೊಡ್ಡದಾಗಿ ಮೂತ್ರದ ದಾರಿಯನ್ನು ಒತ್ತುತ್ತದೆ) ಅದು ಎಷ್ಟು ಉಪಯೋಗ ಎಂಬುದಕ್ಕೆ ಇರುವವು ಸಣ್ಣ ಪ್ರಯೋಗಗಳಷ್ಟೇ, ಅದರ ಮೇಲೆ ಭರವಸೆ ಕೊಡಲಾರೆ.

ಸಾ ಪಾಲ್ಮೆಟ್ಟೊ ಅಮೆರಿಕದ ಒಂದು ಕುಳ್ಳ ತಾಳೆಯ ಹಣ್ಣಿನ ಸಾರ. ಅದನ್ನು ಚೆನ್ನಾಗಿಯೇ ಪರೀಕ್ಷಿಸಿದ್ದಾರೆ. 2006ರಲ್ಲಿ 225 ಗಂಡಸರಿಗೆ ಒಂದು ವರ್ಷ ಕೊಟ್ಟು ನೋಡಿದರು, ಔಷಧಿಯೇ ಇಲ್ಲದ ಹುಸಿಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. 2011ರ ಇನ್ನೊಂದು ಪ್ರಯೋಗದಲ್ಲಿ ಡೋಸನ್ನು ಮೂರು ಪಟ್ಟಿಗೆ ಏರಿಸಿದರು. ತೊಂದರೆಯ ಅಂಕ (ಪ್ರಶ್ನೆ ಕೇಳಿ ಹಾಕುವ ಲೆಕ್ಕ, ಹೆಚ್ಚಿದ್ದಷ್ಟೂ ತೊಂದರೆ ಹೆಚ್ಚು) ಮಾತ್ರೆ ತಿಂದವರಲ್ಲಿ 14.4ರಿಂದ 12.2ಕ್ಕೆ ಇಳಿಯಿತು. ಹುಸಿಮಾತ್ರೆಯವರಲ್ಲಿ 14.7ರಿಂದ 11.7ಕ್ಕೆ! "ನನಗೆ ಗುಣ ಕಂಡಿದೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ, ಈ ತೊಂದರೆ ತಾನಾಗಿಯೇ ಏರಿಳಿಯುತ್ತದೆ. ಆ ಮಾತ್ರೆಗೆ ಇನ್ನು ದುಡ್ಡು ಹಾಕಬೇಡಿ.

ಪ್ರಶ್ನೆ (ಹೊನ್ನಾವರದಿಂದ): ಚೀನಿಕಾಯಿ ಬೀಜವೂ ಹಾಗೆಯೇ ಸರ್?

ಉತ್ತರ: ಚೀನಿಕಾಯಿ, ಅಂದರೆ ಸಿಹಿಗುಂಬಳದ ಬೀಜದ ಫಲಿತಾಂಶ ಸ್ವಲ್ಪ ಮೇಲು. ಜರ್ಮನಿಯಲ್ಲಿ 1,400ಕ್ಕೂ ಹೆಚ್ಚು ಜನರ ಮೇಲೆ ಒಂದು ವರ್ಷದ ಪ್ರಯೋಗ ನಡೆದಿತ್ತು. ದಿನಕ್ಕೆರಡು ಸಲ 5 ಗ್ರಾಂ ಬೀಜ ತಿಂದವರಲ್ಲಿ ಅಂಕ ಚೆನ್ನಾಗಿ ಇಳಿದವರು ಹುಸಿಮಾತ್ರೆಯವರಿಗಿಂತ ಜಾಸ್ತಿ ಇದ್ದರು. ಆದರೆ ಅದರ ಸಾರ ತುಂಬಿದ ಕ್ಯಾಪ್ಸೂಲಿನಿಂದ ಆ ಲಾಭ ಕಾಣಲಿಲ್ಲ. ತಿನ್ನುವ ಪದಾರ್ಥವೇ ತಾನೇ, ತಿನ್ನಿ. ಚಿಕಿತ್ಸೆ ಬಿಟ್ಟು ಮಾತ್ರ ಬೇಡ.

ನನ್ನ ಚಿಂತೆ ಬೇರೆಯೇ ಇದೆ. ಕಳೆದ ಮಳೆಗಾಲದಲ್ಲಿ ಒಬ್ಬ ಹಿರಿಯರು ಬಂದರು, ವರ್ಷವಿಡೀ ಕಷಾಯ ಕುಡಿದವರು. ಕಿಬ್ಬೊಟ್ಟೆ ಮುಟ್ಟಿದರೆ ಹಸಿ ತೆಂಗಿನಕಾಯಿಯಷ್ಟು ಗಟ್ಟಿ. ನೋವೇ ಇಲ್ಲ ಅಂದರು. ನಳಿಗೆ ಹಾಕಿದ ಮೇಲೆ ಒಂದೂವರೆ ಲೀಟರ್ ಮೂತ್ರ ಬಂತು. ಅಷ್ಟರಲ್ಲಿ ಕಿಡ್ನಿಗೆ ಪೆಟ್ಟು ಬಿದ್ದಾಗಿತ್ತು. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ, ಮೂತ್ರ ಹೊಯ್ದ ಮೇಲೆ ಮೂತ್ರಚೀಲದಲ್ಲಿ ಎಷ್ಟು ಉಳಿಯುತ್ತದೆ ಎಂದು ಸ್ಕ್ಯಾನ್‌ನಲ್ಲಿ ನೋಡಿಸಿ. ಜೊತೆಗೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ನೋಡುವ ರಕ್ತಪರೀಕ್ಷೆ), ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡುವ ರಕ್ತಪರೀಕ್ಷೆ). ಇದಕ್ಕೆ ಘಟ್ಟ ಇಳಿಯಬೇಕೆಂದಿಲ್ಲ, ಶಿರಸಿಯಲ್ಲೇ ಆಗುತ್ತದೆ. ಬಹಳ ಜನರಿಗೆ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ: ಟ್ಯಾಮ್ಸುಲೋಸಿನ್ ಕೆಲವು ದಿನಗಳಲ್ಲೇ ದಾರಿ ಸಡಿಲ ಮಾಡುತ್ತದೆ, ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟೆರೈಡ್‌ಗೆ ಆರು ತಿಂಗಳಾದರೂ ಬೇಕು. ನೆಗಡಿ ಮಾತ್ರೆ ಮಾತ್ರ ಕೇಳದೆ ಕೊಡಬೇಡಿ, ಕೆಲವು ಮೂತ್ರವನ್ನೇ ಕಟ್ಟಿಬಿಡುತ್ತವೆ.

ಪ್ರಶ್ನೆ (ಮೊದಲಿನವರು): ಆಪರೇಷನ್ ಬೇಡದೆಯೂ ಇರಬಹುದು ಅಂದಿದ್ದನ್ನು ಓದಿ ಹೇಳಿದೆ, ಅಪ್ಪಯ್ಯ ಒಪ್ಪಿದರು. ಸೋಮವಾರ ಸ್ಕ್ಯಾನ್ ಮಾಡಿಸುತ್ತೇವೆ.

ಉತ್ತರ: ಒಳ್ಳೆಯದಾಯಿತು. ಸ್ಕ್ಯಾನ್‌ಗೆ ಹೋಗುವಾಗ ನೀರು ಕುಡಿದು ಮೂತ್ರ ತಡೆದುಕೊಂಡಿರಲಿ. ಕಷಾಯದ ಪುಡಿ, ತಿನ್ನುತ್ತಿರುವ ಮಾತ್ರೆ ಎಲ್ಲವನ್ನೂ ಡಾಕ್ಟರಿಗೆ ತೋರಿಸಿ. ಅಷ್ಟರೊಳಗೆ ಮೂತ್ರ ಪೂರ್ತಿ ಕಟ್ಟಿದರೆ, ರಕ್ತ ಬಂದರೆ, ಚಳಿಜ್ವರ ಬಂದರೆ ಸೋಮವಾರಕ್ಕೆ ಕಾಯಬೇಡಿ. ನಡುರಾತ್ರಿಯಾದರೂ ಸರಿ, ಕರೆದುಕೊಂಡು ಹೋಗಿ.