ಎಂಟು ಮತ್ತು ಐದು ವರ್ಷದ ಮಕ್ಕಳನ್ನು ಮರಗಳ ಮೇಲಿನ ಹಗ್ಗದ ದಾರಿಗೆ, ಜಿಪ್‌ಲೈನಿಗೆ ಕರೆದೊಯ್ಯಬಹುದೇ?

ಪ್ರಶ್ನೆ – ಸಪ್ತಾಪುರದ ತಾಯಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ದೀಪಾವಳಿ ರಜೆಯಲ್ಲಿ ಹುಬ್ಬಳ್ಳಿಯಲ್ಲಿರುವ ಮೈದುನನ ಕುಟುಂಬದವರೊಂದಿಗೆ ಹಳಿಯಾಳ ಮಾರ್ಗವಾಗಿ ದಾಂಡೇಲಿಗೆ ಹೋಗಿ ಎರಡು ರಾತ್ರಿ ಉಳಿಯಬೇಕೆಂದಿದ್ದೇವೆ. ಅಲ್ಲಿ ಮರದಿಂದ ಮರಕ್ಕೆ ಕಟ್ಟಿದ ಹಗ್ಗದ ಸೇತುವೆಗಳ ಮೇಲೆ ನಡೆಯುವ, ಕೊನೆಯಲ್ಲಿ ಜಿಪ್‌ಲೈನಿನಲ್ಲಿ, ಅಂದರೆ ಇಳಿಜಾರಾಗಿ ಕಟ್ಟಿದ ತಂತಿಗೆ ರಾಟೆಯಿಂದ ತೂಗಿಕೊಂಡು, ಜಾರುವ ವ್ಯವಸ್ಥೆ ಇರುವುದನ್ನು ಮೊಬೈಲಿನಲ್ಲಿ ನೋಡಿದಾಗಿನಿಂದ ನನ್ನ ಮಗ ಬೇರೆ ಮಾತನ್ನೇ ಆಡುತ್ತಿಲ್ಲ. ಅವನಿಗೆ ಎಂಟು ವರ್ಷ, ತೂಕ 23 ಕಿಲೋ. ಅಣ್ಣ ಮಾಡುವುದೆಲ್ಲವೂ ತನಗೂ ಬೇಕು ಎನ್ನುವ ಮಗಳಿಗೆ ಐದು ವರ್ಷ, ತೂಕ 16 ಕಿಲೋ.

ಫೋನ್ ಮಾಡಿ ವಿಚಾರಿಸಿದಾಗ ಒಂದು ಕಡೆಯವರು ಐದು ವರ್ಷ ತುಂಬಿದ್ದರೆ ಸಾಕು ಎಂದರು. ಇನ್ನೊಂದು ಕಡೆಯವರು ಹತ್ತು ವರ್ಷದೊಳಗಿನವರನ್ನು ಬಿಡುವುದೇ ಇಲ್ಲ ಎಂದರು. ಮೂರನೆಯವರು ವಯಸ್ಸನ್ನು ಕೇಳದೆ ತೂಕ ಮತ್ತು ಎತ್ತರವನ್ನಷ್ಟೇ ಕೇಳಿದರು. ಯಾರ ಮಾತನ್ನು ನಂಬಬೇಕೆಂದು ತಿಳಿಯುತ್ತಿಲ್ಲ. ಅತ್ತೆಯವರು ಬೇಡವೇ ಬೇಡ ಎನ್ನುತ್ತಾರೆ, ಮನೆಯವರು ಹುಡುಗನಿಗೆ ಧೈರ್ಯ ಬರಲಿ ಎನ್ನುತ್ತಾರೆ. ಇಂಥ ಸ್ಥಳಕ್ಕೆ ಹೋದಾಗ ತಾಯಿ-ತಂದೆ ಸ್ವತಃ ಏನನ್ನು ನೋಡಿ ನಿರ್ಧರಿಸಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ – ಬಂಡೆ ಹತ್ತುವವನು, ಹುಬ್ಬಳ್ಳಿ

ಸಹೋದರಿಯವರಿಗೆ ನಮಸ್ಕಾರ. ನಾನು ಬಾದಾಮಿಯ ಮರಳುಗಲ್ಲಿನ ಬಂಡೆಗಳಲ್ಲಿ ಹತ್ತುವುದನ್ನು ಕಲಿತವನು. ಈಗ ಶಾಲಾ ಮಕ್ಕಳ ಶಿಬಿರಗಳಲ್ಲಿ ಹಗ್ಗದ ಚಟುವಟಿಕೆಗಳನ್ನು ನೋಡಿಕೊಳ್ಳುತ್ತೇನೆ. ನಿಮ್ಮನ್ನು ಸರಿಯಾದ ಪ್ರಶ್ನೆ ಕೇಳಿದವರು ಆ ಮೂರನೆಯವರೇ.

ಮೊದಲಿಗೆ, ಹಗ್ಗದ ದಾರಿ ಮತ್ತು ಜಿಪ್‌ಲೈನನ್ನು ಬೇರೆಬೇರೆಯಾಗಿ ಯೋಚಿಸಿರಿ. ಜಿಪ್‌ಲೈನಿನಲ್ಲಿ ಮಗು ತಾನಾಗಿ ಮಾಡುವುದು ಬಹಳ ಕಡಿಮೆ. ಕಟ್ಟುವವರು, ಬಿಡುವವರು, ಆಚೆ ತುದಿಯಲ್ಲಿ ತಡೆದು ಇಳಿಸಿಕೊಳ್ಳುವವರು ಎಲ್ಲರೂ ದೊಡ್ಡವರೇ. ಅಲ್ಲಿ ಮುಖ್ಯವಾಗುವುದು ತೂಕ. ಗಾಳಿಯ ತಡೆ ಹಗುರವಾದ ದೇಹವನ್ನು ಭಾರವಾದ ದೇಹಕ್ಕಿಂತ ಹೆಚ್ಚು ನಿಧಾನಗೊಳಿಸುತ್ತದೆ. ಆದ್ದರಿಂದ ಹೆಚ್ಚು ಇಳಿಜಾರಿಲ್ಲದ, ಉದ್ದನೆಯ ತಂತಿಯಲ್ಲಿ ಇಪ್ಪತ್ತು ಕಿಲೋದ ಮಗು ತುದಿ ಮುಟ್ಟದೆ ನಡುವೆಯೇ ನಿಂತುಬಿಡುತ್ತದೆ, ಕೆಲವೊಮ್ಮೆ ತಂತಿ ಬಾಗಿದ ಕಡೆಗೆ ಹಿಂದಕ್ಕೂ ಜಾರುತ್ತದೆ. ಹೀಗಾಗಿಯೇ ಗರಿಷ್ಠ ತೂಕದಂತೆ ಕನಿಷ್ಠ ತೂಕವೂ ನಿಗದಿಯಾಗಿರಬೇಕು. ಅದು ಆಯಾ ತಂತಿಯ ಉದ್ದ ಮತ್ತು ಇಳಿಜಾರಿಗೆ ತಕ್ಕಂತೆ ಬದಲಾಗುವುದರಿಂದ, ಆ ಅಂಕಿಯನ್ನು ಅಲ್ಲಿ ಫಲಕದ ಮೇಲೆ ಬರೆದಿದ್ದಾರೆಯೇ ಎಂದು ನೋಡಿರಿ. "ಎಲ್ಲರೂ ಹೋಗಬಹುದು" ಎನ್ನುವವರ ಬಳಿ ಲೆಕ್ಕವಿಲ್ಲ ಎಂದು ತಿಳಿಯಿರಿ.

ಹಗ್ಗದ ದಾರಿಯಲ್ಲಿ ಎತ್ತರ ಮುಖ್ಯ. ತಲೆಯ ಮೇಲೆ ಹಾದುಹೋಗುವ ರಕ್ಷಣಾ ತಂತಿಗೆ ಮಗು ಅಟ್ಟಣಿಗೆಯ ಮೇಲೆ ನಿಂತು, ತುದಿಗಾಲು ಮಾಡದೆ, ಕೈ ಚಾಚಿ ತನ್ನ ಕೊಕ್ಕೆಯನ್ನು ಹಾಕುವಂತಿರಬೇಕು. ದೊಡ್ಡವರಿಗಾಗಿ ಕಟ್ಟಿದ ಎತ್ತರದ ದಾರಿಗಳಲ್ಲಿ ಹಲವೆಡೆ ಸುಮಾರು 140 ಸೆಂಟಿಮೀಟರ್ ಎತ್ತರವನ್ನು ಕೇಳುತ್ತಾರೆ. ಎಂಟು ವರ್ಷದ ಬಹುತೇಕ ಮಕ್ಕಳು 125ರ ಆಸುಪಾಸಿನಲ್ಲಿರುತ್ತಾರೆ. ಚಿಕ್ಕವರಿಗಾಗಿ ನೆಲದಿಂದ ಒಂದೆರಡು ಮೀಟರ್ ಎತ್ತರದಲ್ಲಿ ಕಟ್ಟಿದ ದಾರಿಯೊಂದು ಇದ್ದರೆ ನಿಮ್ಮ ಇಬ್ಬರು ಮಕ್ಕಳಿಗೂ ಅದೇ ಸರಿ. ಅಲ್ಲಿ ಕೆಳಗೆ ನಿಂತ ದೊಡ್ಡವರು ಕೈಚಾಚಿ ಮಗುವನ್ನು ಹಿಡಿಯಬಹುದು.

ಇನ್ನು ಹಾರ್ನೆಸ್, ಅಂದರೆ ಮಗುವಿನ ಮೈಗೆ ಬಿಗಿಯುವ ಪಟ್ಟಿಗಳ ಕಟ್ಟು. ತಾಯಿ-ತಂದೆ ಕಣ್ಣಾರೆ ನೋಡಿ, ಕೈಯಿಂದ ಮುಟ್ಟಿ ಪರೀಕ್ಷಿಸಬೇಕಾದದ್ದು ಇದು. ಸೊಂಟ ಮತ್ತು ತೊಡೆಗೆ ಮಾತ್ರ ಕಟ್ಟುವ ಹಾರ್ನೆಸ್ ದೊಡ್ಡವರಿಗೆ ಸಾಕಾಗುತ್ತದೆ, ಏಕೆಂದರೆ ಸೊಂಟದ ಎಲುಬು ಅದನ್ನು ಕೆಳಗೆ ಜಾರದಂತೆ ತಡೆಯುತ್ತದೆ. ಚಿಕ್ಕ ಮಕ್ಕಳಲ್ಲಿ ಸೊಂಟ ಇನ್ನೂ ಆ ಆಕಾರಕ್ಕೆ ಬಂದಿರುವುದಿಲ್ಲ, ತಲೆಯ ಭಾರವೂ ಮೈಗೆ ಹೋಲಿಸಿದರೆ ಹೆಚ್ಚು. ಮಗು ತಲೆಕೆಳಗಾದರೆ ಪಟ್ಟಿಯಿಂದ ನುಸುಳಿ ಹೊರಬರುವ ಅಪಾಯವಿದೆ. ಅದಕ್ಕಾಗಿ ಭುಜದ ಮೇಲೂ ಪಟ್ಟಿಗಳಿರುವ, ಎದೆಯ ಮಟ್ಟದಲ್ಲಿ ಕೊಕ್ಕೆ ಹಾಕುವ ಪೂರ್ಣ ದೇಹದ ಹಾರ್ನೆಸ್ ಬೇಕು. ಯುರೋಪಿನ ಇಎನ್ 12277 ಮಾನದಂಡದಲ್ಲಿ 40 ಕಿಲೋವರೆಗಿನವರಿಗೆ 'ಟೈಪ್ ಬಿ' ಎಂಬ ಪ್ರತ್ಯೇಕ ವರ್ಗವೇ ಇದೆ. ಹಾರ್ನೆಸ್ಸಿನ ಒಳಭಾಗಕ್ಕೆ ಹೊಲಿದ ಚೀಟಿಯಲ್ಲಿ ಅದು ಬರೆದಿರುತ್ತದೆ. ಆ ಚೀಟಿಯೇ ಕಿತ್ತುಹೋಗಿದ್ದರೆ, ಹೊಲಿಗೆ ಬಿಚ್ಚಿದ್ದರೆ, ಪಟ್ಟಿಯ ಅಂಚು ನೂಲುನೂಲಾಗಿದ್ದರೆ ಬೇರೆಯದನ್ನು ಕೇಳಿರಿ. ತೊಡೆಯ ಪಟ್ಟಿಯೊಳಗೆ ನಿಮ್ಮ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಎಲ್ಲವನ್ನೂ ಕಟ್ಟಿದ ಮೇಲೆ, ಮರ ಹತ್ತಿಸುವ ಮುನ್ನ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಮಗುವನ್ನು ಅದರಲ್ಲೇ ತೂಗಾಡಲು ಬಿಡುವಂತೆ ಹೇಳಿರಿ. ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲವಿದೆ ಎಂಬುದು ಆ ಅರ್ಧ ನಿಮಿಷದಲ್ಲಿ ತಿಳಿದುಬಿಡುತ್ತದೆ. ಹೆಲ್ಮೆಟ್ಟಿನ ಪಟ್ಟಿ ಹಾಕಿದ ಮೇಲೆ ತಲೆ ಅಲ್ಲಾಡಿಸಲು ಹೇಳಿರಿ. ಅದು ಕಣ್ಣಿನ ಮೇಲೆ ಬಂದು ಕೂತರೆ ಅಳತೆ ದೊಡ್ಡದಾಗಿದೆ ಎಂದರ್ಥ.

ಕೊಕ್ಕೆಗಳ ವಿಷಯದಲ್ಲಿ ಒಂದೇ ನಿಯಮ: ಮಗು ನೆಲ ಬಿಟ್ಟಾಗಿನಿಂದ ಮತ್ತೆ ನೆಲ ಮುಟ್ಟುವವರೆಗೆ ಹಾರ್ನೆಸ್ಸಿನ ಎರಡೂ ಕ್ಯಾರಾಬಿನರ್‌ಗಳು (ಬಾಯಿ ಮುಚ್ಚುವ ಲೋಹದ ಕೊಕ್ಕೆಗಳು) ಒಟ್ಟಿಗೆ ತಂತಿಯಿಂದ ಬಿಡುಗಡೆ ಆಗಕೂಡದು. ಒಂದು ಬಿಚ್ಚಿದರೆ ಇನ್ನೊಂದು ತಾನಾಗಿಯೇ ಬಿಗಿಯಾಗುವ ಜೋಡಿಗಳಿವೆ. ಮೊದಲಿನಿಂದ ಕೊನೆಯವರೆಗೆ ಬಿಚ್ಚುವ ಪ್ರಸಂಗವೇ ಬರದ ವ್ಯವಸ್ಥೆಗಳೂ ಇವೆ. ಈ ಎರಡೂ ಇಲ್ಲದ ಕಡೆ ಎಂಟು ವರ್ಷದವನ ಕೈಗೆ ಕೊಕ್ಕೆ ಬದಲಿಸುವ ಕೆಲಸವನ್ನು ಒಪ್ಪಿಸಬಾರದು. ಪ್ರತಿ ಅಟ್ಟಣಿಗೆಯಲ್ಲೂ ಸಿಬ್ಬಂದಿಯೇ ಅದನ್ನು ಮಾಡಬೇಕು.

ಕಡೆಯದಾಗಿ ಇದನ್ನೊಂದು ಕೇಳಿರಿ: "ಮಗು ನಡುವೆ ನಿಂತುಹೋದರೆ ಹೇಗೆ ಇಳಿಸುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ?" ಹಾರ್ನೆಸ್ಸಿನಲ್ಲಿ ಕೈಕಾಲು ಆಡಿಸದೆ ಬಹಳ ಹೊತ್ತು ತೂಗುತ್ತಿದ್ದರೆ ರಕ್ತ ಕಾಲುಗಳಲ್ಲೇ ನಿಂತು ತಲೆ ಸುತ್ತಿ ಪ್ರಜ್ಞೆ ತಪ್ಪಬಹುದು. ಆದ್ದರಿಂದ ಇಳಿಸುವ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಅಭ್ಯಾಸ ಮಾಡಿದವರು ಈ ಪ್ರಶ್ನೆಗೆ ತಡವರಿಸದೆ ಉತ್ತರಿಸುತ್ತಾರೆ, ಇಳಿಸುವ ಹಗ್ಗ ಮತ್ತು ರಾಟೆಯನ್ನು ತೋರಿಸುತ್ತಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2018ರಲ್ಲಿ ಹೊರತಂದ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿಯಲ್ಲಿ ಜಿಪ್‌ಲೈನ್ ಮತ್ತು ಎತ್ತರದ ಹಗ್ಗದ ದಾರಿಗಳ ವಿಷಯವೂ ಇದೆ. ಅದನ್ನು ಪಾಲಿಸುತ್ತೀರಾ, ದಿನನಿತ್ಯದ ತಪಾಸಣೆಯ ಪುಸ್ತಕವನ್ನು ತೋರಿಸುತ್ತೀರಾ ಎಂದು ಕೇಳಲು ಸಂಕೋಚ ಪಡಬೇಡಿರಿ.

ಉತ್ತರ – ನಿವೃತ್ತ ತಂತ್ರಜ್ಞ, ಹುಬ್ಬಳ್ಳಿ

ತಂಗಿ, ಮೇಲೆ ಬರೆದವರು ಮಗುವಿನ ಮೈಮೇಲಿರುವುದನ್ನು ಚೆನ್ನಾಗಿ ವಿವರಿಸಿದ್ದಾರೆ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಕ್ರೇನುಗಳ ನಿರ್ವಹಣೆ ನೋಡಿಕೊಂಡಿದ್ದವನಾದ್ದರಿಂದ ನಾನು ತಂತಿಯ ಬಗ್ಗೆ ಹೇಳುತ್ತೇನೆ. ಉಕ್ಕಿನ ವೈರ್ ರೋಪ್ ನಡುವೆ ತುಂಡಾಗುವುದು ಅಪರೂಪ. ಕೆಡುವುದು ಹೆಚ್ಚಾಗಿ ಕಟ್ಟಿದ ತುದಿಯಲ್ಲಿ. ಆದ್ದರಿಂದ ನಡುವಿನ ಉದ್ದವನ್ನು ನೋಡುತ್ತ ನಿಲ್ಲದೆ, ಮರಕ್ಕೆ ಸುತ್ತಿ ಹಿಂದಕ್ಕೆ ಮಡಚಿ ಕಟ್ಟಿದ ಜಾಗವನ್ನು ನೋಡಬೇಕು.

ಅಲ್ಲಿ 'ಯು' ಆಕಾರದ ಕ್ಲಿಪ್ಪುಗಳು ಸಾಲಾಗಿರುತ್ತವೆ. ಒಂದೇ ಒಂದು ಕ್ಲಿಪ್ಪು ಇದ್ದರೆ ಅಲ್ಲಿಂದ ಹಿಂದಿರುಗಿರಿ. ತಂತಿ ದಪ್ಪವಿದ್ದಷ್ಟೂ ಕ್ಲಿಪ್ಪುಗಳು ಹೆಚ್ಚು ಬೇಕು, ಮೂರಕ್ಕಿಂತ ಕಡಿಮೆ ಇರಲೇಬಾರದು. ಕ್ಲಿಪ್ಪಿನಲ್ಲಿ ಎರಡು ಭಾಗಗಳಿವೆ: ಬಾಗಿದ ಸರಳು ಒಂದು, ತಂತಿ ಕೂರಲು ತೋಡು ಇರುವ ದಪ್ಪ ತಳ ಇನ್ನೊಂದು. ದಪ್ಪ ತಳವು ಭಾರ ಹೊರುವ ಉದ್ದನೆಯ ತಂತಿಯ ಮೇಲೆ ಕೂತಿರಬೇಕು, ಬಾಗಿದ ಸರಳು ಕತ್ತರಿಸಿದ ಬಾಲದ ಮೇಲೆ ಬರಬೇಕು. ಅದಲುಬದಲಾಗಿ ಹಾಕಿದರೆ ಸರಳು ಭಾರ ಹೊರುವ ತಂತಿಯನ್ನೇ ಕಚ್ಚಿ ಜಜ್ಜುತ್ತದೆ, ಹಿಡಿತವೂ ಕಡಿಮೆಯಾಗುತ್ತದೆ. ಕೆಲವನ್ನು ಹೀಗೆ, ಕೆಲವನ್ನು ಹಾಗೆ ಹಾಕಿದ್ದು ಕಂಡರೆ ಕಟ್ಟಿದವರು ಈ ಕೆಲಸ ಕಲಿತವರಲ್ಲ. ನೆಲದಿಂದಲೇ ಕಾಣದಿದ್ದರೆ ಮೊಬೈಲಿನ ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದು ನೋಡಿರಿ. ತಂತಿಯಿಂದ ಮುಳ್ಳಿನಂತೆ ಹೊರಗೆದ್ದ ಎಳೆಗಳು, ಕೆಂಪು ತುಕ್ಕಿನ ಪುಡಿ ಇದ್ದರೆ ಅದೂ ಒಳ್ಳೆಯ ಲಕ್ಷಣವಲ್ಲ.

ಮರವನ್ನೂ ನೋಡಬೇಕು. ತೊಗಟೆಗೆ ನೇರವಾಗಿ ತಂತಿ ಸುತ್ತಿದರೆ ಮರ ದಪ್ಪವಾಗುತ್ತ ಹೋದಂತೆ ತಂತಿ ಒಳಗೆ ಹೂತು ಮರವನ್ನೇ ಕತ್ತು ಹಿಸುಕಿದಂತೆ ಸಾಯಿಸುತ್ತದೆ. ನಡುವೆ ಕಟ್ಟಿಗೆಯ ತುಂಡುಗಳನ್ನು ಇಟ್ಟು, ವರ್ಷವರ್ಷವೂ ಸಡಿಲಿಸಿ ಕಟ್ಟುವುದು ಸರಿಯಾದ ಕ್ರಮ. ಬುಡದಲ್ಲಿ ಹಲಗೆಯಂತೆ ಚಾಚಿಕೊಂಡ ಅಣಬೆ ಇದ್ದರೆ ಒಳಗೆ ಕೊಳೆತಿರುವ ಸಂಭವವಿದೆ. ನೆತ್ತಿ ಒಣಗಿದ ಮರಕ್ಕೆ ಯಾರನ್ನೂ ಹತ್ತಿಸಬಾರದು.

ಜಿಪ್‌ಲೈನಿನ ಕೊನೆಯಲ್ಲಿ ತಡೆಯುವ ವ್ಯವಸ್ಥೆ ಎರಡು ಇರಬೇಕು. ಮೊದಲನೆಯದು ಕೈಕೊಟ್ಟರೆ ಇನ್ನೊಂದು ತಾನಾಗಿಯೇ ಕೆಲಸ ಮಾಡುವಂತಿರಬೇಕು. ಬರುವವರನ್ನು ಒಬ್ಬ ಹುಡುಗ ಬರಿಗೈಯಿಂದ ಹಿಡಿದು ನಿಲ್ಲಿಸುತ್ತಿದ್ದರೆ ಅದನ್ನು ಬ್ರೇಕ್ ಎನ್ನಲಾಗದು. ಮಳೆಯಲ್ಲಿ ತಂತಿ ಒದ್ದೆಯಾದಾಗ ವೇಗ ಹೆಚ್ಚುತ್ತದೆ ಎಂಬುದೂ ನೆನಪಿರಲಿ. ದೀಪಾವಳಿಯ ಹೊತ್ತಿಗೆ ಹಿಂಗಾರು ಗುಡುಗುವುದುಂಟು. ಗುಡುಗಿನ ಸದ್ದು ಕೇಳಿದೊಡನೆ ಎಲ್ಲರನ್ನೂ ಕೆಳಗಿಳಿಸುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಕಾ, ಕ್ಲಿಪ್ಪಿನ ವಿಷಯವನ್ನು ಮನೆಯವರು ಕಾಗದದ ಮೇಲೆ ಚಿತ್ರ ಬರೆದು ಇಟ್ಟುಕೊಂಡಿದ್ದಾರೆ. ಇನ್ನೊಂದು ಸಂದೇಹ ಉಳಿದಿದೆ. ಮಗನಿಗೆ ಮನೆಯಲ್ಲಿ ಎಲ್ಲಿಲ್ಲದ ಉತ್ಸಾಹ. ಆದರೆ ನೃಪತುಂಗ ಬೆಟ್ಟದ ಮೇಲೆ ಕಟಾಂಜನದ ಹತ್ತಿರ ಹೋಗಲು ಹೆದರಿ ನಿಂತುಬಿಡುವ ಹುಡುಗ ಅವನು. ಅಟ್ಟಣಿಗೆಯ ಮೇಲೆ ಹಾಗೆಯೇ ಆದರೆ ಸ್ವಲ್ಪ ಒತ್ತಾಯ ಮಾಡಬೇಕೇ, ಇಳಿಸಿಬಿಡಬೇಕೇ?

ಉತ್ತರ – ಮಲ್ಲಗಂಬ ಕಲಿಸುವವಳು, ಗದಗ ಜಿಲ್ಲೆ

ಅಕ್ಕ, ಇಳಿಸಿಬಿಡಿರಿ. ಹಗ್ಗದ ಮಲ್ಲಗಂಬಕ್ಕೆ ಬರುವ ಚಿಕ್ಕ ಹುಡುಗಿಯರನ್ನು ನೋಡುತ್ತಲೇ ನನ್ನ ದಿನಗಳು ಕಳೆಯುವುದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ: ಹೆದರಿದ ಮಗುವನ್ನು ತಳ್ಳಿದರೆ ಅದು ಆ ಹೊತ್ತಿಗೆ ಆಚೆ ತುದಿ ಮುಟ್ಟಬಹುದು, ಆದರೆ ಮರುದಿನ ಹಗ್ಗದ ಹತ್ತಿರ ಬರುವುದಿಲ್ಲ. ತಾನಾಗಿ ಒಂದು ಮೊಳ ಹತ್ತಿ ತಾನಾಗಿ ಇಳಿದ ಮಗು ಮರುದಿನ ಎರಡು ಮೊಳ ಹತ್ತುತ್ತದೆ. ನಾಗರ ಪಂಚಮಿಯ ಜೋಕಾಲಿಯಲ್ಲಿ ನಮ್ಮ ಮಕ್ಕಳು ಮೊದಲು ಕೂತು ಜೀಕಿ, ಧೈರ್ಯ ಬಂದ ಮೇಲೆ ನಿಂತು ಜೀಕುತ್ತಾರಲ್ಲವೇ? ಇಲ್ಲಿಯೂ ಹಾಗೆಯೇ.

ಆದ್ದರಿಂದ ಹೊರಡುವ ಮುನ್ನವೇ ಅವನಿಗೆ ಎರಡು ಮಾತು ಹೇಳಿರಿ. ಒಂದು, ಎಲ್ಲಿ ಬೇಕಾದರೂ "ಸಾಕು" ಎನ್ನಬಹುದು, ಯಾರೂ ಬೈಯುವುದಿಲ್ಲ. ಎರಡು, ಕೊಟ್ಟ ಹಣ ದಂಡವಾಯಿತು ಎಂದು ಯಾರೂ ಆಡುವುದಿಲ್ಲ. ಈ ಎರಡನೆಯದನ್ನು ನಿಮ್ಮ ಮೈದುನನವರಿಗೂ ಹೇಳಿಡಿರಿ. ಮಕ್ಕಳು ಹೆದರಿಕೆಗಿಂತ ನಗೆಪಾಟಲಿಗೆ ಹೆಚ್ಚು ಅಂಜುತ್ತಾರೆ. ಜಿಪ್‌ಲೈನಿಗೆ ಒಮ್ಮೆ ಬಿಟ್ಟ ಮೇಲೆ ಹಿಂದಿರುಗುವಂತಿಲ್ಲ, ಹಾಗಾಗಿ ಮೊದಲು ತಗ್ಗಿನ ಹಗ್ಗದ ದಾರಿಯನ್ನು ಮುಗಿಸಿ, ಆಮೇಲೆ ಅವನನ್ನೇ ಕೇಳಿರಿ. ಒಬ್ಬರು ಹೊರಡುವ ಕಡೆ, ಒಬ್ಬರು ತಲುಪುವ ಕಡೆ ನಿಲ್ಲಿರಿ; ಆಚೆ ತುದಿಯಲ್ಲಿ ಪರಿಚಿತ ಮುಖ ಕಂಡರೆ ಮಗು ಅರ್ಧ ಗೆದ್ದಂತೆ.

ಹಿಡಿತ ಸೋಲುವುದು ಹೆದರಿಕೆಗಿಂತ ಮೊದಲು. ಎಂಟು ವರ್ಷದವರ ಬೆರಳುಗಳು ಬೇಗ ದಣಿಯುತ್ತವೆ, ದಣಿದ ಮಗು ಅಳುವುದನ್ನು ನಾವು ಹೆದರಿಕೆ ಎಂದುಕೊಳ್ಳುತ್ತೇವೆ. ಬೆಳಗಿನ ಹೊತ್ತು, ಹೊಟ್ಟೆಗೆ ಹಗುರವಾಗಿ ಏನಾದರೂ ತಿಂದು ಒಂದು ತಾಸು ಕಳೆದ ಮೇಲೆ ಹೋಗಿರಿ. ಚಪ್ಪಲಿ ಬೇಡ, ಬೆರಳು ಮುಚ್ಚುವ ಬೂಟು ಇರಲಿ. ಹುಡುಗಿಯ ಜಡೆಯನ್ನು ಹಿಂದಕ್ಕೆ ಬಿಗಿದು ಕಟ್ಟಿ ಅಂಗಿಯೊಳಗೆ ಸೇರಿಸಿರಿ. ಸರ, ಓಲೆ, ಓಢಣಿ, ಕೈಯ ದಾರ ಎಲ್ಲವನ್ನೂ ತೆಗೆದಿಡಿರಿ. ರಾಟೆ ಉರುಳುವ ಕಡೆ ತಂತಿಯನ್ನು ಬರಿಗೈಯಿಂದ ಮುಟ್ಟಬಾರದು ಎಂಬುದನ್ನು ಇಬ್ಬರ ಬಾಯಿಂದಲೂ ಹೇಳಿಸಿರಿ.

ಉತ್ತರ – ಬಂಡೆ ಹತ್ತುವವನು, ಹುಬ್ಬಳ್ಳಿ

ಮೇಲಿನ ಮಾತುಗಳೆಲ್ಲವನ್ನೂ ಒಪ್ಪುತ್ತೇನೆ. ನಿಮ್ಮ ಮಗಳ ಬಗ್ಗೆ ಮಾತ್ರ ಒಂದು ಸೇರಿಸಬೇಕು. 16 ಕಿಲೋದ ಮಗುವನ್ನು ಉದ್ದನೆಯ ತಂತಿಯಲ್ಲಿ ಒಂಟಿಯಾಗಿ ಬಿಡಬಾರದು. ಕೆಲವು ಕಡೆ ತರಬೇತಿ ಪಡೆದ ಸಿಬ್ಬಂದಿಯೊಬ್ಬರು ಮಗುವನ್ನು ಜೊತೆಯಲ್ಲಿ ಕರೆದೊಯ್ಯುತ್ತಾರೆ; ಮಗುವಿಗೆ ಅದರದೇ ಅಳತೆಯ ಪೂರ್ಣ ದೇಹದ ಹಾರ್ನೆಸ್ ಇದ್ದು, ಅದು ಬೇರೆಯದೇ ಕೊಕ್ಕೆಯಿಂದ ರಾಟೆಗೆ ಸೇರಿದ್ದು, ಇಬ್ಬರ ಒಟ್ಟು ತೂಕವು ಬರೆದ ಮಿತಿಯೊಳಗಿದ್ದರೆ ಅದಕ್ಕೆ ಒಪ್ಪಬಹುದು. "ನಿಮ್ಮ ಮಡಿಲಲ್ಲಿ ಕೂಡಿಸಿಕೊಂಡು, ಗಟ್ಟಿಯಾಗಿ ಹಿಡಿದುಕೊಂಡು ಹೋಗಿ" ಎಂದು ಯಾರಾದರೂ ಹೇಳಿದರೆ, ಮಗನನ್ನೂ ಅಲ್ಲಿ ಹತ್ತಿಸಬೇಡಿರಿ.