ಲಿಫ್ಟ್ ಕಿಟ್: ಎತ್ತುವುದೋ, ಏರಿಸುವುದೋ, ಎತ್ತರಿಸುವುದೋ?

ಗೆಳೆಯರೇ,

ಸಣ್ಣದೆಂದು ಒಪ್ಪಿಕೊಂಡ ಅನುವಾದವೊಂದು ಮೂರು ವಾರದಿಂದ ಮುಗಿಯುತ್ತಿಲ್ಲ. ನಾಲ್ಕೇ ಪುಟ. ಆದರೆ ಒಂದು ಕ್ರಿಯಾಪದ ಅಡ್ಡ ನಿಂತಿದೆ. ಬಲ್ಲವರು ದಾರಿ ತೋರಿಸಬೇಕು.

ಸಕಲೇಶಪುರದ ಕಡೆಯ ಕಾಫಿ ತೋಟಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಎಟಿವಿ ಓಡಾಡುತ್ತಿದೆ. ಹ್ಯಾಂಡಲ್ ಹಿಡಿದು ಬೈಕಿನ ಮೇಲೆ ಕೂತ ಹಾಗೆ ಕೂತು ಓಡಿಸುವ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ. ಕಡಲತೀರಗಳಲ್ಲಿ ಪ್ರವಾಸಿಗರನ್ನು ಸುತ್ತು ಹೊಡೆಸುತ್ತಾರಲ್ಲ, ಅದೇ. ಮಳೆಗಾಲದಲ್ಲಿ ತೋಟದ ದಾರಿಯ ಕೊರಕಲಿಗೆ ಇಳಿದರೆ ಅದರ ಅಡಿ ಕಲ್ಲಿಗೆ ಹೊಡೆಯುತ್ತದೆ. ಅದಕ್ಕೇ ಗಾಡಿಯ ಸಸ್ಪೆನ್ಷನ್, ಅಂದರೆ ಚಕ್ರಕ್ಕೂ ಮೈಗೂ ನಡುವಿನ ಸ್ಪ್ರಿಂಗ್ ವ್ಯವಸ್ಥೆ, ಎತ್ತರವಾಗಲೆಂದು ಸಸ್ಪೆನ್ಷನ್ ಲಿಫ್ಟ್ ಕಿಟ್ ತರಿಸಿ ಹಾಕಿಸುತ್ತಾರೆ. ಕಿಟ್ ಎಂದರೆ ಬೇರೇನಲ್ಲ, ನಾಲ್ಕು ಜೊತೆ ಕಬ್ಬಿಣದ ಬ್ರಾಕೆಟ್ಟು, ಒಂದು ಪೊಟ್ಟಣ ಬೋಲ್ಟು ನಟ್ಟು. ಜೊತೆಗೆ ಬರುವ ಇಂಗ್ಲಿಷ್ ಕೈಪಿಡಿಯನ್ನು ಕನ್ನಡ ಮಾಡುವುದು ನನ್ನ ಪಾಲಿನ ಕೆಲಸ.

ಗಾಡಿಯ ಹೆಸರಿಗೆ ನಾನು ತಲೆ ಕೆಡಿಸಿಕೊಂಡಿಲ್ಲ. "ಸರ್ವಭೂಪ್ರದೇಶ ವಾಹನ" ಎಂದು ಬರೆದರೆ ಅದನ್ನು ಓದಿ ಮುಗಿಸುವಷ್ಟರಲ್ಲಿ ಗಾಡಿ ಗುಡ್ಡ ದಾಟಿರುತ್ತದೆ. ಎಟಿವಿ ಎಂದೇ ಇಟ್ಟಿದ್ದೇನೆ.

ತೊಡಕು ಇರುವುದು ಲಿಫ್ಟ್ ಎಂಬ ಮಾತಿನಲ್ಲಿ. ಆ ಕೈಪಿಡಿಯಲ್ಲಿ ಈ ಒಂದೇ ಪದ ಎರಡು ಕೆಲಸಕ್ಕೆ ಬಂದಿದೆ. ಮೊದಲ ಹೆಜ್ಜೆಯಲ್ಲಿ ಜಾಕಿ ಕೊಟ್ಟು ಗಾಡಿಯನ್ನು ನೆಲದಿಂದ ಮೇಲೆತ್ತುವುದೂ ಲಿಫ್ಟ್. ಕಿಟ್ ಹಾಕಿದ ಮೇಲೆ ಗಾಡಿ ಎರಡು ಇಂಚು ಎತ್ತರದಲ್ಲಿ ನಿಲ್ಲುವುದೂ ಲಿಫ್ಟ್. ಇಂಗ್ಲಿಷಿನವರಿಗೆ ಸಂದರ್ಭ ಗೊತ್ತಾಗುತ್ತದೆ, ಗೊಂದಲವಿಲ್ಲ. ನಾನು ಎರಡೂ ಕಡೆ ಕಣ್ಣು ಮುಚ್ಚಿ "ಎತ್ತು" ಎಂದು ಹಾಕಿದೆ. ಏನಾಯಿತು ಕೇಳಿ.

ಕರಡನ್ನು ನನಗೆ ಪರಿಚಯವಿರುವ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರಿಗೆ ಕೊಟ್ಟು, ಇದನ್ನು ಓದಿಕೊಂಡೇ ಒಂದು ಗಾಡಿಗೆ ಕಿಟ್ ಹಾಕಿ ಭಾಯ್, ಎಲ್ಲಿ ಎಡವುತ್ತೀರೋ ನೋಡೋಣ ಎಂದೆ. ಅವರು ಜೀಪು, ಪಿಕಪ್ ಬಿಚ್ಚಿ ಕಟ್ಟುವುದರಲ್ಲಿ ಪಳಗಿದವರು. ಬ್ರಾಕೆಟ್ ಎಲ್ಲ ಸರಿಯಾಗಿ ಕೂತಿತು. ಕೊನೆಯ ಪುಟದಲ್ಲಿ ನನ್ನ ಸಾಲು ಹೀಗಿತ್ತು: "ಎತ್ತಿದ ಮೇಲೆ ಮುಂದಿನ ಚಕ್ರಗಳು ನೇರವಾಗಿವೆಯೇ ಪರೀಕ್ಷಿಸಿ." ಗಾಡಿ ಇನ್ನೂ ಸ್ಟ್ಯಾಂಡಿನ ಮೇಲೇ ಇತ್ತು. ಎತ್ತಿಯೇ ಇದೆಯಲ್ಲ! ಭಾಯ್ ಟೇಪು ಹಿಡಿದು, ಎರಡು ಟೈರುಗಳ ಮುಂಭಾಗದ ನಡುವೆ ಒಮ್ಮೆ, ಹಿಂಭಾಗದ ನಡುವೆ ಒಮ್ಮೆ ಅಳೆದರು. ಮುಕ್ಕಾಲು ಇಂಚು ವ್ಯತ್ಯಾಸ. ಹ್ಯಾಂಡಲಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಸಡಿಲಿಸಿ ಸರಿ ಮಾಡಿದರು. ಗಾಡಿ ಕೆಳಗಿಳಿಸಿದರೆ ಚಕ್ರಗಳು ಒಂದು ಈ ಕಡೆ ಒಂದು ಆ ಕಡೆ ಮುಖ ಮಾಡಿಕೊಂಡವು.

ತಪ್ಪು ಅವರದಲ್ಲ. ಸ್ಟ್ಯಾಂಡಿನ ಮೇಲಿದ್ದಾಗ ಚಕ್ರಗಳು ನೇತಾಡುತ್ತಿರುತ್ತವೆ. ನೆಲಕ್ಕೆ ಇಳಿದು ಮೈಭಾರ ಬಿದ್ದ ಮೇಲೆ ಚಕ್ರವನ್ನು ಗಾಡಿಯ ಮೈಗೆ ಸೇರಿಸುವ ಆರ್ಮ್ ಮೇಲಕ್ಕೆ ಬರುತ್ತದೆ, ಅದರ ಜೊತೆ ಟೈ ರಾಡಿನ ಕೋನವೂ ಬದಲಾಗುತ್ತದೆ, ಚಕ್ರ ನೋಡುವ ದಿಕ್ಕೂ ಬದಲಾಗುತ್ತದೆ. ಆದ್ದರಿಂದ ಅಳತೆ ಏನಿದ್ದರೂ ಗಾಡಿ ತನ್ನ ಕಾಲ ಮೇಲೆ ನಿಂತಾಗಲೇ ನಡೆಯಬೇಕು. ಮೂಲದಲ್ಲಿದ್ದ ಅರ್ಥ "ಕಿಟ್ ಹಾಕಿ ಎತ್ತರ ಮಾಡಿದ ಮೇಲೆ" ಎಂದು. ನನ್ನ ಕನ್ನಡ ಹೇಳಿದ್ದು "ಜಾಕಿಯ ಮೇಲಿರುವಾಗ" ಎಂದು. ಅರ್ಧ ದಿನದ ಕೆಲಸ ನೀರುಪಾಲು. ಟೀ ದುಡ್ಡು ನಾನೇ ಕೊಟ್ಟೆ.

ಅಲ್ಲಿಂದ ಈ ಕ್ರಿಯಾಪದಗಳ ಬೆನ್ನು ಹತ್ತಿದ್ದೇನೆ. ನನಗೆ ಹೊಳೆದದ್ದು ಇಷ್ಟು.

"ಎತ್ತು" ಎಂದರೆ ಇಳಿಸುವುದು ಬಾಕಿ ಇದೆ ಎಂದು ಕನ್ನಡದ ಕಿವಿ ಕೇಳಿಸಿಕೊಳ್ಳುತ್ತದೆ. ಮಗುವನ್ನು ಎತ್ತುತ್ತೇವೆ, ಇಳಿಸುತ್ತೇವೆ. ಮೂಟೆ ಎತ್ತುತ್ತೇವೆ, ಇಳಿಸುತ್ತೇವೆ. ಸಾಲ ಎತ್ತಿದರೂ ಇಳಿಸಬೇಕು, ಕೊನೇಪಕ್ಷ ಕಾಗದದ ಮೇಲೆ. "ಎತ್ತರಿಸು" ಹಾಗಲ್ಲ. ಎತ್ತರಿಸಿದ್ದು ಅಲ್ಲೇ ನಿಲ್ಲುತ್ತದೆ. ಆಲಮಟ್ಟಿಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಒಯ್ಯುವ ಮಾತು ಬಂದಾಗಲೆಲ್ಲ ಪತ್ರಿಕೆಗಳು ಎತ್ತರಿಸುವುದು, ಎತ್ತರ ಹೆಚ್ಚಿಸುವುದು ಎಂದೇ ಬರೆಯುತ್ತವೆ. ಆಲಮಟ್ಟಿಯನ್ನು ಎತ್ತುತ್ತಾರಂತೆ ಎಂದು ಯಾರಾದರೂ ಹೇಳಿದರೆ, ಎತ್ತಿ ಎಲ್ಲಿಡುತ್ತಾರೆ ಎಂದು ಕೇಳಬೇಕಾಗುತ್ತದೆ. ಎತ್ತು, ಎತ್ತರ ಎರಡೂ ಒಂದೇ ಬೇರಿನಿಂದ ಬಂದ ದಾಯಾದಿಗಳಾದರೂ ಬಾಳುವೆ ಬೇರೆ.

ಇದಕ್ಕೆ ಒಂದು ಅಪವಾದ ನಾನೇ ಕೊಡುತ್ತೇನೆ, ನೀವು ಹೇಳುವ ಮೊದಲು. ಬೆಂಗಳೂರಿನಲ್ಲಿ ರಸ್ತೆ ಮೇಲೆ ಮೇಲೆ ಬಂದು ಮನೆ ತಗ್ಗಿಗೆ ಬಿದ್ದಾಗ, ಪಾಯಕ್ಕೆ ಸಾಲಾಗಿ ಜಾಕಿ ಕೊಟ್ಟು ಇಡೀ ಮನೆಯನ್ನು ಮೇಲಕ್ಕೆ ತರುತ್ತಾರೆ. ಅದಕ್ಕೆ ಜನ "ಮನೆ ಎತ್ತಿಸಿದ್ದೇವೆ" ಅನ್ನುತ್ತಾರೆ. ಅಲ್ಲಿ ಎತ್ತಿದ್ದು ಇಳಿಯುವುದಿಲ್ಲ. ಆದರೆ ಅಲ್ಲಿ ಜಾಕಿಯ ಕೆಲಸವೇ ಮುಖ್ಯ ಕೆಲಸ, ನೋಡುವವರ ಕಣ್ಣಿಗೆ ಕಾಣುವುದೂ ಅದೇ. ನಮ್ಮ ಕಿಟ್ಟಿನಲ್ಲಿ ಜಾಕಿ ಬರೀ ಹೊರಗಿನ ಆಳು, ಕೆಲಸ ಮುಗಿದ ಮೇಲೆ ಮೂಲೆಗೆ ಹೋಗುತ್ತದೆ.

ಇನ್ನು "ಏರಿಸು." ಇದು ಇನ್ನೂ ಅಪಾಯಕಾರಿ. "ಗಾಡಿ ಏರಿಸು" ಎಂದರೆ ಗುಡ್ಡ ಹತ್ತಿಸು, ಇಲ್ಲವೇ ಲಾರಿಗೆ ಹತ್ತಿಸು. "ಗಾಡಿಯನ್ನು ಎರಡು ಇಂಚು ಏರಿಸಿ" ಎಂದು ಓದಿದವನು ಸ್ಟಾರ್ಟ್ ಮಾಡಿ ಎರಡು ಇಂಚು ಮುಂದಕ್ಕೆ ಬಿಟ್ಟರೆ ನಾನು ಬೇಡವೆನ್ನುವ ಹಾಗಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವಂತೆ ಎತ್ತು, ಏರು ಸೇರಿ ನನ್ನನ್ನು ಎಳೆದಾಡುತ್ತಿವೆ.

ಗ್ಯಾರೇಜಿನ ಮಾತು ಕೇಳಿದರೆ ಅಲ್ಲಿ ಇನ್ನೊಂದು ಜೋಡಿ ಇದೆ. ಸ್ಪ್ರಿಂಗ್ ಹಳತಾಗಿ ಗಾಡಿ ತಗ್ಗಿದರೆ "ಹಿಂದೆ ಕೂತೋಗಿದೆ ಸಾರ್" ಅನ್ನುತ್ತಾರೆ. ಹೊಸ ಸ್ಪ್ರಿಂಗ್ ಹಾಕಿದರೆ "ಈಗ ಎದ್ದಿದೆ ನೋಡಿ." ಎಷ್ಟು ಚೆಂದದ ಮಾತು! ಕೂರುವುದು, ಏಳುವುದು. ಒಂದು ಗಳಿಗೆ ಇದನ್ನೇ ಹಾಕಿಬಿಡೋಣ ಅನ್ನಿಸಿತು. ಆದರೆ ಕೂತದ್ದನ್ನು ಎಬ್ಬಿಸಿದರೆ ಅದು ಕಾರ್ಖಾನೆಯಿಂದ ಬಂದಾಗಿನ ಎತ್ತರಕ್ಕೆ ಮರಳುತ್ತದೆ, ಅಷ್ಟೆ. ಕಿಟ್ ಮಾಡುವುದು ಬೇರೆ, ಸರಿಯಾಗಿ ನಿಂತದ್ದನ್ನೇ ಇನ್ನೂ ಎತ್ತರ ಮಾಡುವುದು. ಅದಕ್ಕೆ ಭಾಯ್ ಬಳಸುವ ಮಾತು "ಹೈಟ್ ಮಾಡೋದು." ಜೀಪ್ ಹೈಟ್ ಮಾಡ್ಸಿದಾನೆ, ಹೈಟ್ ಜಾಸ್ತಿ ಆಯ್ತು, ಹೀಗೆ. ಹಾಗಾಗಿ ಸದ್ಯಕ್ಕೆ ನನ್ನ ಕರಡಿನಲ್ಲಿ ತಾತ್ಕಾಲಿಕವಾದದ್ದೆಲ್ಲ "ಜಾಕಿ ಕೊಟ್ಟು ಎತ್ತಿ", ಕಾಯಂ ಆದದ್ದೆಲ್ಲ "ಎತ್ತರ ಮಾಡಿ." ಎತ್ತರಿಸು ಎನ್ನುವುದು ತಪ್ಪಲ್ಲ, ಗ್ರೀಸ್ ಮೆತ್ತಿದ ಕೈಯಲ್ಲಿ ಹಿಡಿದು ಓದುವ ಕಾಗದಕ್ಕೆ ಸ್ವಲ್ಪ ಇಸ್ತ್ರಿ ಹೆಚ್ಚಾಯಿತು ಅನ್ನಿಸುತ್ತದೆ.

ಎರಡನೆಯ ತೊಡಕು ಸಸ್ಪೆನ್ಷನ್. ಯಂತ್ರಾನುವಾದಕ್ಕೆ ಕೊಟ್ಟು ನೋಡಿದೆ, "ಅಮಾನತು ಲಿಫ್ಟ್ ಕಿಟ್" ಎಂದು ಬಂತು. ಅಮಾನತು ಎತ್ತುವ ಕಿಟ್ ಸಿಗುವುದಾದರೆ ಅದಕ್ಕೆ ಸರ್ಕಾರಿ ಕಚೇರಿಗಳಲ್ಲಿ ಒಳ್ಳೆಯ ಗಿರಾಕಿ ಇದೆ. ನಿಜವಾಗಿ ನೋಡಿದರೆ "ತೂಗು" ಎಂಬುದಕ್ಕೆ ಒಂದು ನ್ಯಾಯ ಇದೆ. ಯುರೋಪಿನ ಹಳೆಯ ಸಾರೋಟುಗಳಲ್ಲಿ ಕೂರುವ ಪೆಟ್ಟಿಗೆಯನ್ನು ದಪ್ಪ ಚರ್ಮದ ಪಟ್ಟಿಗಳಿಂದ ತೊಟ್ಟಿಲಿನ ಹಾಗೆ ತೂಗುಹಾಕುತ್ತಿದ್ದರು. ಹೆಸರು ಅಲ್ಲಿಂದ ಉಳಿದುಕೊಂಡಿತು. ಈಗಿನ ಗಾಡಿಯ ಮೈ ತೂಗುವುದಿಲ್ಲ, ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ತೂಗುಸೇತುವೆ ನೋಡಿದವರಿಗೆ "ತೂಗು ವ್ಯವಸ್ಥೆ" ಎಂದರೆ ಕಣ್ಣಿಗೆ ಬರುವ ಚಿತ್ರವೇ ಬೇರೆ.

ನಮ್ಮಲ್ಲಿ ಇದಕ್ಕೆ ಹಳೆಯ ಪದ "ಕಮಾನು" ಇದೆ. ಪಾರಸಿಯಿಂದ ಬಂದದ್ದು, ಬಿಲ್ಲು ಎಂದರ್ಥ. ಊರ ಬಾಗಿಲ ಕಮಾನು, ಪಿಟೀಲಿನ ಕಮಾನು, ಗಾಡಿಯಡಿಯ ಬಾಗಿದ ಉಕ್ಕಿನ ಪಟ್ಟಿಯೂ ಕಮಾನು. ಲಾರಿ ಬಸ್ಸಿನ ಪಟ್ಟಿಗೆ ಈಗ ಒಬ್ಬೊಬ್ಬರದು ಒಂದೊಂದು ಮಾತು: ಕೆಲವರಿಗೆ ಬ್ಲೇಡ್, ಕೆಲವರಿಗೆ ಪ್ಲೇಟು, ಕೆಲವರಿಗೆ ಪಾಟಾ. "ಬ್ಲೇಡ್ ಕಟ್ಟಾಗಿ ಬಸ್ ಪಲ್ಟಿ" ಎಂಬ ಸುದ್ದಿ ನೀವೂ ಓದಿರುತ್ತೀರಿ. ಆದರೆ ಎಟಿವಿಯಲ್ಲಿ ಪಟ್ಟಿ ಇಲ್ಲ, ಸುರುಳಿ ಸ್ಪ್ರಿಂಗು, ಅದರೊಳಗೆ ಶಾಕ್ (ಶಾಕ್ ಅಬ್ಸಾರ್ಬರ್). ಅದನ್ನು ಕಮಾನು ಎಂದರೆ ಹಳೆಯ ಮೆಕ್ಯಾನಿಕ್ಕುಗಳು ನಗುತ್ತಾರೆ, ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಸಸ್ಪೆನ್ಷನ್ ಎಂದೇ ಬಿಟ್ಟೆ. ಆರ್ಮನ್ನು "ಕೆಳತೋಳು" ಮಾಡಿದ್ದೆ. "ಕೆಳತೋಳು ಸಡಿಲಿಸಿ ಅಂತ ಇದೆಯಲ್ಲ ಸಾರ್, ನಮ್ದಾ ಗಾಡೀದಾ?" ಎಂದರು ಭಾಯ್. ಅದೂ ಲೋಯರ್ ಆರ್ಮ್ ಆಗಿ ಮರಳಿತು.

ಗ್ರೌಂಡ್ ಕ್ಲಿಯರೆನ್ಸಿಗೆ "ನೆಲ ತೆರವು" ಎಂದು ಬರೆದಿದ್ದ ಒಂದು ಜಾಹೀರಾತು ನೋಡಿದ್ದೆ. ಒತ್ತುವರಿ ತೆರವಿನ ಮಾತೆತ್ತಿದರೆ ನಿದ್ದೆ ಕೆಡುವ ಕಾಫಿ ಸೀಮೆಯಲ್ಲಿ ಆ ಪದ ಬೇಡವೇ ಬೇಡ. ಜನ ಹೇಳುವುದು "ಅಡಿ ಹೊಡೆಯುತ್ತೆ", "ಹೊಟ್ಟೆ ತಾಗುತ್ತೆ" ಎಂದು. ಆದ್ದರಿಂದ "ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಅಂತರ" ಎಂದು ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಆದರೆ ಎಲ್ಲಿ ಅಳೆಯಬೇಕು ಎಂಬುದು ಅದರಲ್ಲೇ ಇದೆ. ಜೀಪಿನವರಿಗೆ ಇದು ಇನ್ನೂ ಮುಖ್ಯ. ಹಳೆಯ ಜೀಪಿನಲ್ಲಿ ಅಡ್ಡ ಹೌಸಿಂಗ್, ಅಂದರೆ ಎರಡು ಚಕ್ರಗಳ ನಡುವಿನ ಅಚ್ಚಿನ ಕವಚ, ಚಕ್ರಗಳ ಜೊತೆಗೇ ಇರುವುದರಿಂದ ಸ್ಪ್ರಿಂಗ್ ಎಷ್ಟು ಎತ್ತರ ಮಾಡಿದರೂ ಹೌಸಿಂಗ್ ಅಡಿಯ ಜಾಗ ಕೂದಲಷ್ಟೂ ಹೆಚ್ಚುವುದಿಲ್ಲ. ಅದಕ್ಕೆ ದೊಡ್ಡ ಟೈರೇ ಬೇಕು, ಟೈರಿನ ವ್ಯಾಸ ಎರಡು ಇಂಚು ಹೆಚ್ಚಿದರೆ ಸಿಗುವುದು ಒಂದೇ ಇಂಚು. ಹೊಟ್ಟೆ ಯಾವುದು, ಹೌಸಿಂಗ್ ಯಾವುದು ಎಂದು ಪದ ಬೇರೆ ಮಾಡದಿದ್ದರೆ ಗಿರಾಕಿಗೆ ಮೋಸವಾದ ಹಾಗೆ.

ಎಚ್ಚರಿಕೆಯ ಸಾಲು ಒಂದಿದೆ. "ಗುರುತ್ವ ಕೇಂದ್ರ ಮೇಲಕ್ಕೆ ಹೋಗುತ್ತದೆ" ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಬರೆದಿದ್ದೆ. ಈಗ "ತಲೆಭಾರ ಹೆಚ್ಚುತ್ತದೆ, ಅಡ್ಡ ಇಳಿಜಾರಿನಲ್ಲಿ ಬೇಗ ಮಗುಚುತ್ತದೆ" ಎಂದಾಗಿದೆ. ಹಾಗೆಯೇ, ಬೋಲ್ಟುಗಳನ್ನೆಲ್ಲ ಮೊದಲು ಕೈಯಲ್ಲಷ್ಟೇ ತಿರುಗಿಸಿ ನಿಲ್ಲಿಸಿ, ಕೊನೆಗೆ ಸ್ಪ್ಯಾನರಿನಲ್ಲಿ ಬಿಗಿ ಮಾಡಿ ಎನ್ನುವ ಕಡೆ "ಕೈಬಿಗಿ" ಎಂದು ಹೊಸ ಪದ ಕಟ್ಟಿ ಬೀಗಿದ್ದೆ. ಮನೆಯಲ್ಲಿ ಓದಿದವರು ಇದೇನು, ಜಿಪುಣರಿಗೆ ಬರೆದದ್ದಾ ಎಂದರು. ತೆಗೆದುಹಾಕಿದೆ.

ಇಷ್ಟೆಲ್ಲ ಆದ ಮೇಲೆ ನಿನ್ನೆ ರಾತ್ರಿ ಒಂದು ಪದ ಹೊಳೆದು ನಿದ್ದೆ ಬರಲಿಲ್ಲ. ಏತ. ಬಾವಿಯಿಂದ ನೀರೆತ್ತುವ ಉದ್ದ ಮರದ ಸನ್ನೆ. ಲಿಫ್ಟ್ ಇರಿಗೇಷನ್ ಎಂಬುದಕ್ಕೆ ಕನ್ನಡದಲ್ಲಿ ಆಗಲೇ ನೆಲೆನಿಂತ ಪದ ಏತ ನೀರಾವರಿ. ಸಿಂಗಟಾಲೂರು ಏತ ನೀರಾವರಿ ಎಂದರೆ ಗದಗ ಸೀಮೆಯಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಇದು ಬರೀ ಪದದ ಹೊಂದಿಕೆಯೂ ಅಲ್ಲ. ಏತದ ಮರ ಒಂದು ಕಡೆ ಸ್ವಲ್ಪ ತಗ್ಗಿದರೆ ಉದ್ದದ ತುದಿ ಬಹಳ ಮೇಲೇಳುತ್ತದಲ್ಲ, ಈ ಬ್ರಾಕೆಟ್ ಕಿಟ್ ದುಡಿಯುವುದೂ ಅದೇ ಲೆಕ್ಕದಲ್ಲಿ. ಲೋಯರ್ ಆರ್ಮಿನ ಒಂದು ತುದಿ ಗಾಡಿಯ ಚೌಕಟ್ಟಾದ ಚಾಸಿಗೆ ಸೇರಿದೆ, ಇನ್ನೊಂದು ತುದಿಯಲ್ಲಿ ಚಕ್ರ. ಶಾಕ್ ಕೂರುವುದು ನಡುವೆ ಎಲ್ಲೋ. ಆರ್ಮ್ 16 ಇಂಚು ಉದ್ದವಿದ್ದು ಶಾಕ್ 8ನೇ ಇಂಚಿನಲ್ಲಿದ್ದರೆ, ಬ್ರಾಕೆಟ್ ಅಲ್ಲಿ ಒಂದು ಇಂಚು ಕೆಳಕ್ಕೆ ನೂಕಿದಾಗ ಚಕ್ರದ ತುದಿ ಹೆಚ್ಚುಕಡಿಮೆ ಎರಡು ಇಂಚು ಕೆಳಗಿಳಿಯುತ್ತದೆ, ಅಂದರೆ ಮೈ ಎರಡು ಇಂಚು ಮೇಲೆ. ಅಂಗೈ ಅಗಲದ ಕಬ್ಬಿಣದ ತುಂಡಿನಿಂದ ಗಾಡಿ ಅಷ್ಟು ಎತ್ತರ ಆಗುವುದು ಹೇಗೆ ಎಂದು ತೋಟದ ಲೆಕ್ಕಪತ್ರ ನೋಡುವ ರೈಟರ್ ಒಬ್ಬರು ಕೇಳಿದಾಗ ಏತ ನೆನಪಿಸಿದೆ, ತಟ್ಟನೆ ತಲೆಯಾಡಿಸಿದರು. ಎತ್ತರ ಮಾಡಿದ ಗಾಡಿಯಲ್ಲಿ, ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಕೋನ ಹೆಚ್ಚಿ ಅದರ ಕೀಲಿನ ರಬ್ಬರ್ ಬೂಟು (ಹೊದಿಕೆ) ಹರಿಯುವುದೂ ಇದೇ ಕಾರಣಕ್ಕೆ.

ಈಗ ನನ್ನ ಪ್ರಶ್ನೆಗಳು. ಪೆಟ್ಟಿಗೆಯ ಮೇಲೆ "ಏತ ಕಿಟ್" ಎಂದು ಅಚ್ಚು ಹಾಕಿದರೆ ಅಂಗಡಿಗೆ ಬಂದವರು ಪಂಪ್‌ಸೆಟ್ ಎಂದುಕೊಳ್ಳುತ್ತಾರೋ? ನಿಮ್ಮ ಕಡೆ ಗ್ಯಾರೇಜುಗಳಲ್ಲಿ ಗಾಡಿ ಹೈಟ್ ಮಾಡುವುದಕ್ಕೆ ಬೇರೆ ಮಾತು ಕೇಳಿದ್ದೀರಾ? ಕೊಡಚಾದ್ರಿಗೂ ಮಾಂದಲಪಟ್ಟಿಗೂ ಜೀಪು ಹತ್ತಿಸುವವರ ಬಾಯಲ್ಲಿ ಏನಿದೆ ಎಂಬ ಕುತೂಹಲ ನನಗೆ ಬಹಳ. ಇನ್ನೊಂದು, ಕೈಪಿಡಿಗೆ ಸಂಬಂಧವಿಲ್ಲದ್ದು: "ಕಮಾನುಗಾಡಿ" ಎಂದಾಗ ನಿಮ್ಮ ಊರಿನಲ್ಲಿ ಮೇಲಿನ ಬಾಗಿದ ಚಾವಣಿಯನ್ನು ನೆನೆಯುತ್ತಾರೋ, ಅಡಿಯ ಸ್ಪ್ರಿಂಗನ್ನೋ? ನಮ್ಮಜ್ಜ ಚಾವಣಿ ಅನ್ನುತ್ತಿದ್ದರು. ಭಾಯ್ ಮಾತ್ರ ಅಡಿಯದ್ದೇ ಎಂದು ಬಾಜಿ ಕಟ್ಟಿ ಕೂತಿದ್ದಾರೆ.